ದೆವ್ವದ ಕಥೆಗೆ ಕಿವಿಗೊಡುವ ಸುಖ

ಹೆದರಿಕೆ ಯಾರಿಗೂ ಬೇಡವಾದ ಅನುಭವ. ಕತ್ತಲಲ್ಲಿ ಒಬ್ಬರೇ ನಡೆಯಬೇಕಾಗಿ ಬಂದರೆ ಹಾಡು ಗುನುಗುತ್ತೇವೆ, ಇಲ್ಲವೇ ಟಾರ್ಚು ಹುಡುಕುತ್ತೇವೆ. ಹೆದರಿಕೆಯಿಂದ ಪಾರಾಗಲೆಂದೇ ಮನುಷ್ಯ ಬೆಂಕಿ ಹಚ್ಚಿದ, ಗೋಡೆ ಕಟ್ಟಿದ, ಬಾಗಿಲಿಗೆ ಅಗುಳಿ ಹಾಕಿದ. ಹೀಗಿರುವಾಗ ಅದೇ ಗೋಡೆಯ ಒಳಗೆ, ಅದೇ ಅಗುಳಿ ಹಾಕಿಕೊಂಡು, ಅದೇ ಬೆಂಕಿಯ ಸುತ್ತ ಕೂತು, ಈಗೊಂದು ದೆವ್ವದ ಕಥೆ ಆಗಲಿ ಎಂದು ಕೇಳುವುದೇಕೆ? ಹೊರಗೆ ಹಾಕಿ ಬಂದದ್ದನ್ನೇ ಒಳಗೆ ಕರೆಯುವ ಈ ಆಸೆ ಎಂಥದ್ದು? ಈ ಸುಖದಲ್ಲಿ ತಪ್ಪೇನಾದರೂ ಇದೆಯೇ?

ಪ್ರಶ್ನೆಯನ್ನು ಗಾಳಿಯಲ್ಲಿ ಇಟ್ಟು ಚರ್ಚಿಸುವುದಕ್ಕಿಂತ ಒಂದು ಕೋಣೆಯೊಳಗೆ ಇಟ್ಟು ನೋಡುವುದು ಒಳ್ಳೆಯದು. ಆ ಕೋಣೆ ಇದ್ದದ್ದು ಇಂಗ್ಲೆಂಡಿನ ಕೇಂಬ್ರಿಡ್ಜಿನಲ್ಲಿ, ಕಿಂಗ್ಸ್ ಕಾಲೇಜಿನಲ್ಲಿ. ಮಾಂಟೇಗ್ ರೋಡ್ಸ್ ಜೇಮ್ಸ್ ಎಂಬ ವಿದ್ವಾಂಸರು ಅಲ್ಲಿದ್ದರು. 1862ರಲ್ಲಿ ಹುಟ್ಟಿದ ಅವರು ಪಾದ್ರಿಯೊಬ್ಬರ ಮಗ. ಮಧ್ಯಯುಗದ ಹಸ್ತಪ್ರತಿಗಳನ್ನು ಓದಿ, ವಿವರ ಬರೆದು, ಪಟ್ಟಿ ಮಾಡುವುದು ಅವರ ಜೀವನದ ಕೆಲಸ. 1905ರಲ್ಲಿ ಅದೇ ಕಾಲೇಜಿನ ಮುಖ್ಯಸ್ಥರೂ ಆದರು. ಇಂದು ಲೋಕ ಅವರನ್ನು ನೆನೆಯುವುದು ಆ ಪಟ್ಟಿಗಳಿಗಾಗಿ ಅಲ್ಲ, ವರ್ಷಕ್ಕೊಂದರಂತೆ ಗೆಳೆಯರಿಗೆ ಓದಿ ಹೇಳಲೆಂದು ಬರೆದ ದೆವ್ವದ ಕಥೆಗಳಿಗಾಗಿ. 1893ರ ಅಕ್ಟೋಬರ್ 28ರಂದು ಕಾಲೇಜಿನ ಒಂದು ಹರಟೆ ಕೂಟದಲ್ಲಿ ಅವರು ಇಂಥ ಎರಡು ಕಥೆಗಳನ್ನು ಓದಿದರು. ಮುಂದೆ ಅದು ಕ್ರಿಸ್‌ಮಸ್ ಹಿಂದಿನ ರಾತ್ರಿಯ ರೂಢಿಯಾಯಿತು.

ಅಲ್ಲಿದ್ದವರು ಬರೆದಿಟ್ಟ ನೆನಪುಗಳಿಂದ ಆ ದೃಶ್ಯ ನಮಗೆ ಗೊತ್ತಿದೆ. ಊಟ ಮುಗಿದ ಮೇಲೆ ಗೆಳೆಯರು ಜೇಮ್ಸರ ಕೋಣೆಯಲ್ಲಿ ಸೇರುತ್ತಿದ್ದರು. ಜೇಮ್ಸ್ ಒಳಗಿನ ಮಲಗುವ ಕೋಣೆಗೆ ಹೋಗಿಬಿಡುತ್ತಿದ್ದರು. ಹೊರಗಿನವರು ಮೇಣದಬತ್ತಿಯ ಬೆಳಕಿನಲ್ಲಿ ಕಾಯಬೇಕು. ಕೊನೆಗೆ ಅವರು ಕೈಯಲ್ಲಿ ಹಾಳೆಗಳನ್ನು ಹಿಡಿದು ಬಂದು, ಒಂದನ್ನು ಬಿಟ್ಟು ಉಳಿದ ಬತ್ತಿಗಳನ್ನೆಲ್ಲ ಆರಿಸಿ, ಆ ಒಂದರ ಪಕ್ಕ ಕೂತು ಓದತೊಡಗುತ್ತಿದ್ದರು. ಅವರ ಅಕ್ಷರ ಬೇರೆ ಯಾರಿಗೂ ಓದಲಾಗದಷ್ಟು ಕೆಟ್ಟದ್ದು. ಆ ಮಂದ ಬೆಳಕಿನಲ್ಲಿ ಅದನ್ನು ತಡವರಿಸದೆ ಓದುವುದು ಅವರೊಬ್ಬರಿಗೇ ಸಾಧ್ಯವಿತ್ತು.

ಕೇಳುತ್ತಿದ್ದವರು ಮಕ್ಕಳಲ್ಲ, ಅನಕ್ಷರಸ್ಥರೂ ಅಲ್ಲ. ಅಲ್ಲಿದ್ದ ಪ್ರತಿಯೊಬ್ಬರೂ ಓದುವುದನ್ನೇ ವೃತ್ತಿ ಮಾಡಿಕೊಂಡವರು. ಪುಸ್ತಕ ಅಚ್ಚಾದ ಮೇಲೆ ತಮ್ಮ ಪಾಡಿಗೆ ತಾವು ಓದಿಕೊಳ್ಳಬಹುದಿತ್ತು. ಓದುಬಲ್ಲವರು ಸೇರಿ ಒಬ್ಬನ ಓದನ್ನು ಕೇಳುವುದು ನಮಗೇನೂ ಹೊಸದಲ್ಲ. ಕುಮಾರವ್ಯಾಸನನ್ನು ಸ್ವತಃ ಓದಬಲ್ಲವರೇ ಗಮಕಿಯ ಮುಂದೆ ಕೂತು ಗಂಟೆಗಟ್ಟಲೆ ಕೇಳುತ್ತಾರೆ. ಅಲ್ಲಿ ಕೇಳುವವರಿಗೆ ಕಥೆ ಮೊದಲೇ ಗೊತ್ತಿರುತ್ತದೆ. ಕಿಂಗ್ಸ್ ಕಾಲೇಜಿನ ಕೋಣೆಯಲ್ಲಿ ಕಥೆ ಓದುವವನನ್ನು ಬಿಟ್ಟು ಇನ್ನಾರಿಗೂ ಗೊತ್ತಿರುತ್ತಿರಲಿಲ್ಲ. ವ್ಯತ್ಯಾಸ ಇಷ್ಟೇ, ಆದರೆ ಸಣ್ಣದಲ್ಲ.

ಭಯದ ಸುಖದ ಬಗ್ಗೆ ಹಿಂದಿನವರು ಯೋಚಿಸಿಲ್ಲವೆಂದಲ್ಲ. ಎಡ್ಮಂಡ್ ಬರ್ಕ್ 1757ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಅಪಾಯ ನಮ್ಮನ್ನು ನೇರವಾಗಿ ಮುಟ್ಟದೆ ಸ್ವಲ್ಪ ದೂರ ನಿಂತಾಗ ಭಯವೂ ಒಂದು ಬಗೆಯ ಆನಂದವಾಗುತ್ತದೆ ಎಂದು ವಾದಿಸಿದ. ದಡದಲ್ಲಿ ನಿಂತು ಬಿರುಗಾಳಿಯ ಕಡಲನ್ನು ನೋಡಿದವರಿಗೆ ಈ ಮಾತು ಅರ್ಥವಾಗುತ್ತದೆ. 1773ರಲ್ಲಿ ಆನಾ ಲೆಟೀಶಿಯಾ ಐಕಿನ್ ಎಂಬ ಲೇಖಕಿ ಇದೇ ಪ್ರಶ್ನೆಯನ್ನು ಎತ್ತಿಕೊಂಡು, ಮುಂದೇನು ಎಂದು ತಿಳಿಯದ ಸಂಕಟ ಎಷ್ಟು ತೀವ್ರವೆಂದರೆ ಅದನ್ನು ಅರ್ಧಕ್ಕೆ ಬಿಡುವುದಕ್ಕಿಂತ ಭಯವನ್ನು ಸಹಿಸಿ ಕೊನೆ ಮುಟ್ಟುವುದೇ ಮೇಲೆನಿಸುತ್ತದೆ ಎಂಬ ಅರ್ಥದ ಮಾತು ಬರೆದಳು. ಅದ್ಭುತವು ಮನಸ್ಸನ್ನು ಹಿಗ್ಗಿಸುವ ಬಗೆಯನ್ನೂ ಆಕೆ ಗುರುತಿಸಿದಳು. ಇಬ್ಬರ ಮಾತೂ ಸರಿಯೇ. ಆದರೆ ಅವು ಒಬ್ಬಂಟಿ ಓದುಗನಿಗೂ ಅನ್ವಯಿಸುತ್ತವೆ. ಒಂದೇ ದೀಪದ ಸುತ್ತ ಹತ್ತು ಮಂದಿ ಉಸಿರು ಬಿಗಿಹಿಡಿದು ಕೂರುವುದನ್ನು ಅವು ವಿವರಿಸುವುದಿಲ್ಲ.

ಪುಸ್ತಕ ನನ್ನ ಕೈಯಲ್ಲಿದ್ದರೆ ಭಯದ ಲಗಾಮೂ ನನ್ನ ಕೈಯಲ್ಲೇ ಇರುತ್ತದೆ. ಎರಡು ಪುಟ ಹಾರಿಸಬಹುದು, ಕೊನೆಯ ಸಾಲನ್ನು ಮೊದಲೇ ನೋಡಿಬಿಡಬಹುದು, ಎದ್ದು ನೀರು ಕುಡಿದು ಬರಬಹುದು. ಇನ್ನೊಬ್ಬರು ಓದುವಾಗ ಇದಾವುದೂ ಆಗದು. ಮುಂದಿನ ವಾಕ್ಯ ಅವರ ಬಾಯಲ್ಲಿದೆ. ಅದು ಬರುವಾಗ ಬರುತ್ತದೆ. ಜೇಮ್ಸ್ 1893ರ ಆ ರಾತ್ರಿ ಓದಿದ ಕಥೆಗಳಲ್ಲಿ ಒಂದು, ಫ್ರಾನ್ಸಿನ ಪುಟ್ಟ ಊರೊಂದರಲ್ಲಿ ಪುರಾತನ ಹಸ್ತಪ್ರತಿಗಳ ಸಂಪುಟವನ್ನು ಅಗ್ಗಕ್ಕೆ ಕೊಂಡ ಇಂಗ್ಲಿಷ್ ವಿದ್ವಾಂಸನದು. ರಾತ್ರಿ ವಸತಿಯಲ್ಲಿ ಒಬ್ಬನೇ ಕೂತು ಅದನ್ನು ನೋಡುತ್ತಿರುವಾಗ ಮೊಣಕೈ ಪಕ್ಕ ಏನೋ ಬಿದ್ದಿರುವುದು ಕಣ್ಣಂಚಿಗೆ ಕಾಣುತ್ತದೆ. ಪೆನ್ನು ಒರೆಸುವ ಬಟ್ಟೆಯೇ? ಅಲ್ಲ. ಇಲಿಯೇ? ಅದೂ ಅಲ್ಲ. ದೊಡ್ಡ ಜೇಡವೇ? ಅದು ಒಂದು ಕೈ. ಕಣ್ಣಿಗೆ ಈ ಸಾಲುಗಳು ಅರೆಕ್ಷಣದ ಕೆಲಸ. ಬಾಯಿಂದ ಬರುವಾಗ ಒಂದೊಂದು ಊಹೆಗೂ ಅದರದೇ ಸಮಯ ಬೇಕು, ನಡುವೆ ಒಂದು ಮೌನ ಬೇಕು. ಆ ಮೌನದಲ್ಲಿ ಕೇಳುಗ ತನ್ನದೇ ನಾಲ್ಕನೇ ಊಹೆಯನ್ನು ಮಾಡುತ್ತಾನೆ. ಜೇಮ್ಸರ ಕೈಚಳಕ ಇದ್ದದ್ದೇ ಇಲ್ಲಿ. ಅವರು ಹೆಚ್ಚು ತೋರಿಸುತ್ತಿರಲಿಲ್ಲ. ದಸ್ತಾವೇಜು ಓದಿದಂತೆ ಒಣಧ್ವನಿಯಲ್ಲಿ ಊರು, ಇಸವಿ, ಕಟ್ಟಡದ ವಿವರ ಹೇಳುತ್ತಾ ಹೋಗಿ ಒಂದೇ ಒಂದು ಬಾರಿ ಪರದೆಯನ್ನು ಬೆರಳಗಲ ಸರಿಸುತ್ತಿದ್ದರು. ಸಿನಿಮಾಕ್ಕೆ ಈ ಸೌಕರ್ಯ ಕಡಿಮೆ. ಅದು ಏನನ್ನಾದರೂ ತೋರಿಸಲೇಬೇಕು, ತೋರಿಸಿದೊಡನೆ ಅರ್ಧ ಹೆದರಿಕೆ ಹೋಗಿ ಮೇಕಪ್ಪು ಕಾಣತೊಡಗುತ್ತದೆ.

ಹಾಗಾದರೆ ಕೇಳುಗ ತನ್ನ ಲಗಾಮನ್ನು ಇನ್ನೊಬ್ಬರ ಕೈಗೆ ಕೊಡುವುದೇಕೆ? ನನಗೆ ತೋರುವಂತೆ ಇಲ್ಲಿರುವುದು ಭಯಕ್ಕಿಂತ ಹೆಚ್ಚಾಗಿ ನಂಬಿಕೆಯ ಸುಖ. ನನ್ನನ್ನು ಕತ್ತಲೊಳಕ್ಕೆ ಕರೆದೊಯ್ಯುತ್ತಿರುವವರು ಪರಿಚಿತರು. ಅವರ ಧ್ವನಿ ಗೊತ್ತು, ಕೆಮ್ಮು ಗೊತ್ತು. ಕಥೆ ಮುಗಿದ ಮೇಲೆ ಅವರು ಹಾಳೆಗಳನ್ನು ಮಡಿಸುತ್ತಾರೆ, ಯಾರೋ ಎದ್ದು ಉಳಿದ ಬತ್ತಿಗಳನ್ನು ಹಚ್ಚುತ್ತಾರೆ. ಪಕ್ಕದವನ ಮುಖ ನೋಡಿದರೆ ಅವನೂ ಬಿಳಿಚಿಕೊಂಡಿದ್ದಾನೆ, ನಗುತ್ತಾನೆ. ದೆವ್ವವನ್ನು ನಂಬುವವರೂ ನಂಬದವರೂ ಇಲ್ಲಿ ಒಂದೇ ಪಂಕ್ತಿಯಲ್ಲಿ ಕೂರಬಹುದು. ದೆವ್ವವಿದೆಯೇ ಎಂಬ ಪ್ರಶ್ನೆಗೆ ಜೇಮ್ಸ್ ಕೊಟ್ಟ ಉತ್ತರವೂ ಪಟ್ಟಿ ಮಾಡುವ ವಿದ್ವಾಂಸನದೇ: ಸಾಕ್ಷ್ಯವನ್ನು ಪರಿಶೀಲಿಸಲು ತಾನು ಸಿದ್ಧ, ಅದು ತೃಪ್ತಿಕರವಾಗಿದ್ದರೆ ಒಪ್ಪುವೆ ಎಂದರು. ಅಷ್ಟಕ್ಕೇ ಬಿಟ್ಟರು.

ಇನ್ನು ನೈತಿಕ ಪ್ರಶ್ನೆ. ದೆವ್ವವಾಗುವವರು ಯಾರು? ಸುಖವಾಗಿ ಬದುಕಿ, ಮೊಮ್ಮಕ್ಕಳ ಕೈಯಲ್ಲಿ ನೀರು ಕುಡಿದು ಸತ್ತವರು ಕಥೆಗಳಲ್ಲಿ ದೆವ್ವವಾಗಿ ಬರುವುದು ಅಪರೂಪ. ಬರುವವರು ಕೊಲೆಯಾದವರು, ಮೋಸಹೋದವರು, ಮಣ್ಣು ಸಿಗದವರು. ಅವರ ನೋವನ್ನು ನಾವು ಬೆಚ್ಚಗೆ ಕೂತು ಸವಿಯುವುದು ಸರಿಯೇ? ಈ ಆಕ್ಷೇಪವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ.

1893ರ ಅದೇ ರಾತ್ರಿ ಜೇಮ್ಸ್ ಓದಿದ ಎರಡನೆಯ ಕಥೆಯನ್ನು ನೋಡೋಣ. ಕಥೆ ನಡೆಯುವುದು 1811ರಲ್ಲಿ. ಒಬ್ಬ ಶ್ರೀಮಂತ ಪಂಡಿತ ತನ್ನ ನೆಂಟನಾದ ತಬ್ಬಲಿ ಹುಡುಗನನ್ನು ಮನೆಗೆ ಕರೆಸಿಕೊಳ್ಳುತ್ತಾನೆ. ಎಲ್ಲರೂ ಅವನ ದಯೆಯನ್ನು ಹೊಗಳುತ್ತಾರೆ. ಹಿಂದೆಯೂ ಅವನು ಇಬ್ಬರು ಮಕ್ಕಳಿಗೆ ಆಶ್ರಯ ಕೊಟ್ಟಿದ್ದ: ಅಲೆಮಾರಿ ಜಿಪ್ಸಿಗಳ ಹುಡುಗಿ ಒಬ್ಬಳು, ಬೀದಿಯಲ್ಲಿ ವಾದ್ಯ ನುಡಿಸುತ್ತಾ ತಿರುಗುತ್ತಿದ್ದ ಇಟಲಿಯ ಹುಡುಗ ಒಬ್ಬ. ಇಬ್ಬರೂ ಕಾಣೆಯಾದರು. ಓಡಿಹೋಗಿರಬೇಕು ಎಂದುಕೊಂಡು ಊರು ಸುಮ್ಮನಾಯಿತು. ಅಮಾನುಷ ಶಕ್ತಿ ಗಳಿಸುವ ಹುಚ್ಚಿನಲ್ಲಿ ಪಂಡಿತ ಆ ಮಕ್ಕಳ ಎದೆ ಬಗೆದಿದ್ದ. ಅವನ ಕಾಗದಗಳಲ್ಲಿ ಒಂದು ಲೆಕ್ಕಾಚಾರವಿದೆ. ಇಲ್ಲವಾದರೂ ಸಮಾಜಕ್ಕೆ ಕೊರತೆಯೆನಿಸದಂಥವರನ್ನೇ ಆರಿಸಿಕೊಳ್ಳಬೇಕು ಎಂಬುದು ಅದರ ಸಾರ. ಕಥೆಯಲ್ಲಿ ನಿಜವಾಗಿ ಮೈ ಜುಮ್ಮೆನಿಸುವುದು ಇದು. ಕಿಟಕಿಯಾಚೆ ಉದ್ದುಗುರು ಚಾಚಿ ನಿಂತ ಮಕ್ಕಳು ಅಷ್ಟೇನೂ ಭಯಂಕರವೆನಿಸುವುದಿಲ್ಲ. ಮೂರನೆಯವನ ಸರದಿ ಬರುವ ರಾತ್ರಿ ಆ ಇಬ್ಬರು ಬಂದು ಪಂಡಿತನ ಲೆಕ್ಕ ಚುಕ್ತಾ ಮಾಡುತ್ತಾರೆ. ಮರಣ ವಿಚಾರಣೆ ನಡೆಸಿದ ಅಧಿಕಾರಿ ಯಾವುದೋ ಕಾಡುಪ್ರಾಣಿಯ ಕೆಲಸವೆಂದು ಬರೆದು ಕಡತ ಮುಚ್ಚುತ್ತಾನೆ.

ಪೊಲೀಸರು ಕೇಳದ, ಊರು ಕೇಳದ ಇಬ್ಬರು ಮಕ್ಕಳ ಬಗ್ಗೆ ಕೇಳಿದ್ದು ದೆವ್ವದ ಕಥೆ ಮಾತ್ರ. ಕೇಂಬ್ರಿಡ್ಜಿನ ಆ ಕೋಣೆಯಲ್ಲಿ ಕೂತ ಸುಖವಂತರು ಅರ್ಧ ಗಂಟೆಯಾದರೂ ಅಲೆಮಾರಿ ಹುಡುಗಿಯೊಬ್ಬಳ ಕಡೆ ಕಿವಿಗೊಡಬೇಕಾಯಿತು. ಕಥೆಗಾರನಿಗೆ ಸಮಾಜ ಸುಧಾರಣೆಯ ಉದ್ದೇಶವಿತ್ತು ಎಂದು ನಾನು ಹೇಳುತ್ತಿಲ್ಲ. ಅವರಿಗೆ ಗೆಳೆಯರನ್ನು ಹೆದರಿಸುವುದು ಬೇಕಿತ್ತು, ಅಷ್ಟೆ. ಆದರೆ ಹೆದರಿಸಬೇಕಾದರೆ ಅನ್ಯಾಯವೊಂದು ನಡೆದಿದೆ ಎಂದು ಒಪ್ಪಬೇಕಾಗುತ್ತದೆ. ದೆವ್ವದ ಕಥೆ ಈ ಒಪ್ಪಿಗೆಯಿಲ್ಲದೆ ಹೊರಡುವುದೇ ಇಲ್ಲ.

ರವೀಂದ್ರನಾಥ ಟಾಗೋರರು 1892ರಲ್ಲಿ ಬರೆದ ಕಥೆಯೊಂದರಲ್ಲಿ ಈ ಸೂತ್ರ ತಿರುಗುಮುರುಗಾಗಿದೆ. ಕಾದಂಬಿನಿ ಎಂಬ ವಿಧವೆ ಸತ್ತಳೆಂದು ತಿಳಿದು ಸ್ಮಶಾನಕ್ಕೆ ಒಯ್ಯುತ್ತಾರೆ. ಅವಳಿಗೆ ಅಲ್ಲಿ ಎಚ್ಚರವಾಗುತ್ತದೆ. ತಾನು ಬದುಕಿದ್ದೇನೆಯೋ ಸತ್ತಿದ್ದೇನೆಯೋ ಎಂದು ಅವಳಿಗೇ ಗೊತ್ತಾಗುವುದಿಲ್ಲ. ಗೆಳತಿಯ ಮನೆಗೆ ಹೋಗುತ್ತಾಳೆ, ಅಲ್ಲಿ ನಿಲ್ಲಲಾಗುವುದಿಲ್ಲ. ತಾನು ಪ್ರೀತಿಸಿದ ಮಗುವನ್ನು ನೋಡಲು ಗಂಡನ ಮನೆಗೆ ಮರಳಿದರೆ ಎಲ್ಲರೂ ದೆವ್ವವೆಂದು ನಡುಗುತ್ತಾರೆ. ತಾನು ಸತ್ತಿರಲಿಲ್ಲವೆಂದು ತೋರಿಸಲು ಅವಳು ಸಾಯಬೇಕಾಗುತ್ತದೆ. ಬದುಕಿದ್ದಾಗಲೂ ಆ ಮನೆಯಲ್ಲಿ ಅವಳು ಎಷ್ಟು ಬದುಕಿದ್ದಳು ಎಂಬ ಪ್ರಶ್ನೆಯನ್ನು ಕಥೆ ಓದುಗನ ತಲೆಗೆ ಬಿಟ್ಟುಬಿಡುತ್ತದೆ. ಇದನ್ನು ಗಟ್ಟಿಯಾಗಿ ಓದಿಸಿ ಕೇಳಿದರೆ ಇನ್ನೊಂದು ಅಂಶ ಹೊಳೆಯುತ್ತದೆ. ನಾವು ಹೆದರಿದ್ದು ಅವಳಿಗಲ್ಲ, ಅವಳನ್ನು ಕಂಡು ಹೆದರಿದವರಿಗೆ.

ಜೀವಂತ ಮನುಷ್ಯರನ್ನು ದೆವ್ವ ಮಾಡುವ ಈ ವಿದ್ಯೆ ಕಥೆಗಳ ಹೊರಗೂ ಚೆನ್ನಾಗಿ ನಡೆಯುತ್ತದೆ. 1990ರ ದಶಕದಲ್ಲಿ ಬೆಂಗಳೂರಿನ ಮತ್ತು ಸುತ್ತಲಿನ ಊರುಗಳ ಮನೆಬಾಗಿಲುಗಳಲ್ಲಿ ‘ನಾಳೆ ಬಾ’ ಎಂದು ಬರೆದಿರುತ್ತಿದ್ದದ್ದು ಹಲವರಿಗೆ ನೆನಪಿರಬಹುದು. ರಾತ್ರಿ ಬಂದು ಪರಿಚಿತರ ದನಿಯಲ್ಲಿ ಕರೆಯುವ ದೆವ್ವಕ್ಕೆ ನಮ್ಮವರು ಕೊಟ್ಟ ಉತ್ತರ ಅದು, ಸರಕಾರಿ ಕಚೇರಿಯ ಗುಮಾಸ್ತರಿಂದ ಕಲಿತ ಉತ್ತರ ಇದ್ದಂತಿದೆ. ಆ ವದಂತಿಯನ್ನು ನೆನೆದು ಈಗ ನಗಬಹುದು. ಎಲ್ಲ ವದಂತಿಗಳೂ ಅಷ್ಟು ಸಾಧುವಲ್ಲ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ಸಂದೇಶಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದವು. ಆ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬನನ್ನು ಗುಂಪು ಹೊಡೆದು ಕೊಂದಿತು. ಜುಲೈಯಲ್ಲಿ ಬೀದರ್ ಜಿಲ್ಲೆಗೆ ಹೈದರಾಬಾದಿನಿಂದ ಗೆಳೆಯರ ತಂಡವೊಂದು ಬಂದಿತ್ತು. ದಾರಿಯಲ್ಲಿ ಕಂಡ ಶಾಲಾಮಕ್ಕಳಿಗೆ ಅವರು ಚಾಕೊಲೇಟು ಕೊಟ್ಟರು. ಅಷ್ಟೇ ಸಾಕಾಯಿತು. ಅವರ ಕಾರು ಮುರ್ಕಿ ಎಂಬ ಊರನ್ನು ತಲುಪುವ ಮೊದಲೇ ಅವರ ಬಗೆಗಿನ ಸಂದೇಶ ಅಲ್ಲಿ ತಲುಪಿತ್ತು. ಒಬ್ಬರ ಜೀವ ಹೋಯಿತು, ಉಳಿದವರು ಗಾಯಗೊಂಡರು. ಅದೇ ತಿಂಗಳು ವಾಟ್ಸಾಪ್ ಕಂಪನಿಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5ಕ್ಕಿಂತ ಹೆಚ್ಚು ಕಡೆಗೆ ರವಾನಿಸದಂತೆ ಮಿತಿ ಹಾಕುವುದಾಗಿ ಪ್ರಕಟಿಸಿತು.

ಅದೂ ಕಥೆಯೇ, ಇದೂ ಕಥೆಯೇ ಎನ್ನಬಹುದು. ಎರಡರಲ್ಲೂ ಕತ್ತಲಿದೆ, ಅಪರಿಚಿತನಿದ್ದಾನೆ, ಮಕ್ಕಳ ಜೀವದ ಆತಂಕವಿದೆ. ಆದರೆ ಓದಿ ಹೇಳುವ ಕಥೆಗೆ ಒಬ್ಬ ಹೇಳುವವನಿದ್ದಾನೆ. ಅವನು ಎದುರಿಗೇ ಕೂತಿದ್ದಾನೆ, ತೀರಾ ಹೆದರಿಸಿದರೆ ಅವನನ್ನು ಬೈಯಬಹುದು. ಅದಕ್ಕೆ ಮೊದಲ ಸಾಲಿದೆ, ಕೊನೆಯ ಸಾಲಿದೆ. ವದಂತಿಗೆ ಹೇಳಿದವನಿಲ್ಲ, ಎಲ್ಲರೂ ಕೇಳಿದವರೇ. ಅದಕ್ಕೆ ಕೊನೆಯಿಲ್ಲ, ಕೊನೆಯನ್ನು ಕೇಳಿದವರೇ ಬೀದಿಯಲ್ಲಿ ನಿಂತು, ಕಲ್ಲು ದೊಣ್ಣೆಗಳಿಂದ ಬರೆಯಬೇಕು. ದೆವ್ವದ ಕಥೆ ಕೇಳಿ ಎದ್ದವನು ಕೋಣೆಯ ಮೂಲೆಯನ್ನು ನೋಡುತ್ತಾನೆ. ವದಂತಿ ಕೇಳಿ ಎದ್ದವನು ನೆರೆಯವನನ್ನು ನೋಡುತ್ತಾನೆ.

ಇಲ್ಲಿ ವಿಚಾರವಾದಿ ಮಿತ್ರರ ಒಂದು ಮಾತಿದೆ, ಅದನ್ನು ಗೌರವದಿಂದಲೇ ಎದುರಿಸಬೇಕು. ಚಿಕ್ಕಂದಿನಲ್ಲಿ ದೆವ್ವದ ಕಥೆ ಕೇಳಿ ಬೆಳೆದ ಮನಸ್ಸೇ ಮುಂದೆ ಮಾಟ ಮಂತ್ರಕ್ಕೆ, ವದಂತಿಗೆ ಹದವಾದ ನೆಲವಾಗುತ್ತದೆ ಎನ್ನುತ್ತಾರೆ ಅವರು. ಮಾಟದ ಹೆಸರಿನ ಕ್ರೌರ್ಯಕ್ಕೆ ಕಾನೂನು ಬೇಕು, ಕರ್ನಾಟಕದಲ್ಲಿ 2017ರಲ್ಲಿ ಅಂಗೀಕಾರವಾದ ಅಂಥ ಕಾಯ್ದೆ 2020ರಲ್ಲಿ ಜಾರಿಗೂ ಬಂತು. ಆದರೆ ಕಥೆಯನ್ನು ನಿಲ್ಲಿಸಿದರೆ ಭಯ ನಿಲ್ಲುತ್ತದೆಯೇ? ಚಾರ್ಲ್ಸ್ ಲ್ಯಾಂಬ್ 1821ರ ಒಂದು ಪ್ರಬಂಧದಲ್ಲಿ ತನ್ನ ಬಾಲ್ಯದ ರಾತ್ರಿಭಯಗಳನ್ನು ವಿವರಿಸುತ್ತಾನೆ. ಮನೆಯಲ್ಲಿದ್ದ ಧರ್ಮಗ್ರಂಥದ ಚರಿತ್ರೆಯ ಪುಸ್ತಕವೊಂದರಲ್ಲಿ, ಸತ್ತ ಪ್ರವಾದಿಯನ್ನು ಎಬ್ಬಿಸುವ ಮಾಟಗಾತಿಯ ಚಿತ್ರ ಅವನನ್ನು ವರ್ಷಗಟ್ಟಲೆ ಕಾಡಿತ್ತು. ಆದರೂ ಪುಸ್ತಕವನ್ನು ದೂರುವುದಿಲ್ಲ ಅವನು. ಗೆಳೆಯನೊಬ್ಬನ ಮಗನನ್ನು ಉದಾಹರಿಸುತ್ತಾನೆ. ದೆವ್ವ ಪಿಶಾಚಿಯ ಒಂದು ಮಾತೂ ಕಿವಿಗೆ ಬೀಳದಂತೆ ಬೆಳೆಸಿದ ಆ ಮಗುವೂ ಕತ್ತಲಲ್ಲಿ ತನ್ನದೇ ಭೂತಗಳನ್ನು ಕಂಡು ಬೆವರುತ್ತಿತ್ತಂತೆ.

ಮಕ್ಕಳ ವಿಷಯದಲ್ಲಿ ನನಗೆ ತಕರಾರಿರುವುದು ಕಥೆಯ ಮೇಲಲ್ಲ, ಗುಮ್ಮನ ಮೇಲೆ. ಊಟ ಮಾಡದಿದ್ದರೆ ಗುಮ್ಮ ಬರುತ್ತಾನೆ, ಮಲಗದಿದ್ದರೆ ಹಿಡಿದುಕೊಂಡು ಹೋಗುತ್ತಾನೆ ಎನ್ನುವುದು ಕಥೆಯಲ್ಲ, ಬೆದರಿಕೆ. ಅಲ್ಲಿ ಮಗುವಿನ ಒಪ್ಪಿಗೆ ಕೇಳಿಲ್ಲ, ಕೊನೆಯ ಸಾಲೂ ಇಲ್ಲ, ಅದರಿಂದ ಲಾಭ ದೊಡ್ಡವರಿಗೆ. ‘ಕಥೆ ಹೇಳಲೇ?’ ಎಂದು ಕೇಳಿ, ಹೂಂ ಎನ್ನಿಸಿಕೊಂಡು, ಮಗುವನ್ನು ತೊಡೆಗೆ ಒತ್ತಿಕೊಂಡು ಹೇಳುವುದು ಬೇರೆಯೇ ವ್ಯವಹಾರ. ಜಿನ್ನಿನ ಕಥೆಯಾಗಲಿ, ದೆವ್ವದ ಕಥೆಯಾಗಲಿ, ಅಜ್ಜಿಯ ಸೆರಗಿನೊಳಗೆ ಮುಖ ಹುದುಗಿಸಿಕೊಂಡೇ ಆಮೇಲೆ, ಆಮೇಲೆ ಎನ್ನುವ ಮಗುವಿಗೆ ಈ ಭೇದ ದೊಡ್ಡವರಿಗಿಂತ ಚೆನ್ನಾಗಿ ಗೊತ್ತು.

ಈಗ ಕೇಳುವ ರೀತಿ ಬದಲಾಗಿದೆ. ಹಕ್ಕುಸ್ವಾಮ್ಯ ಮುಗಿದ ಪುಸ್ತಕಗಳನ್ನು ಸ್ವಯಂಸೇವಕರಿಂದ ಓದಿಸಿ ಉಚಿತವಾಗಿ ಹಂಚುವ ಲಿಬ್ರಿವಾಕ್ಸ್ 2005ರಲ್ಲಿ ಶುರುವಾಯಿತು. ಡಿಕನ್ಸನ ರೈಲ್ವೆ ಸಿಗ್ನಲ್‌ಗಾರನ ಕಥೆಯನ್ನು ಯಾರು ಬೇಕಾದರೂ ಇಂದು ಕಾಸಿಲ್ಲದೆ ಕೇಳಬಹುದು. ಕೋಲ್ಕತಾದ ರೇಡಿಯೊ ಮಿರ್ಚಿ 2009ರಿಂದ ‘ಸಂಡೇ ಸಸ್ಪೆನ್ಸ್’ ಎಂಬ ಕಾರ್ಯಕ್ರಮದಲ್ಲಿ ಬಂಗಾಳಿಯ ಹಳೆಯ ಭೂತದ ಕಥೆ, ಪತ್ತೇದಾರಿ ಕಥೆಗಳನ್ನು ಓದಿಸಿತು. ಮೀರ್ ಅಫ್ಸರ್ ಅಲಿಯವರ ದನಿಗಾಗಿ ಒಂದು ಇಡೀ ಪೀಳಿಗೆ ಭಾನುವಾರ ಕಾದದ್ದುಂಟು. ಓದು ಸತ್ತೇಹೋಯಿತು ಎಂದು ಗೋಳಾಡುವವರಿಗೆ ಇದು ತಕ್ಕ ಉತ್ತರ. ಆದರೆ ಇಯರ್‌ಫೋನಿನಲ್ಲಿ ಪಕ್ಕದವನ ಮುಖವಿರುವುದಿಲ್ಲ. ಹೆದರಿದಾಗ ಕೈ ಚಾಚಿದರೆ ಸಿಗುವುದು ದಿಂಬು.

ಕತ್ತಲನ್ನು ಎರಡೂ ಬಗೆಯಲ್ಲಿ ಉಂಡ ಒಬ್ಬ ಲೇಖಕನಿದ್ದ, ಲಫ್ಕಾಡಿಯೊ ಹರ್ನ್. 1850ರಲ್ಲಿ ಗ್ರೀಸಿನ ದ್ವೀಪವೊಂದರಲ್ಲಿ ಹುಟ್ಟಿ ಐರ್ಲೆಂಡಿನಲ್ಲಿ ಬೆಳೆದವನು. ಬಾಲ್ಯದಲ್ಲಿ ಅವನಿಗೆ ಕತ್ತಲೆಂದರೆ ಜೀವ ಹೋಗುವಷ್ಟು ಭಯ. ಭಯ ಬಿಡಿಸಬೇಕೆಂದು ಮನೆಯವರು ಅವನನ್ನು ದೀಪವಿಲ್ಲದ ಕೋಣೆಯಲ್ಲಿ ಹಾಕಿ ರಾತ್ರಿ ಬೀಗ ಹಾಕುತ್ತಿದ್ದರು. 1900ರಲ್ಲಿ ಬಂದ ಪುಸ್ತಕದಲ್ಲಿ ಇದನ್ನು ಅವನೇ ಬರೆದಿದ್ದಾನೆ. ಹದಿಹರೆಯದಲ್ಲಿ ಒಂದು ಕಣ್ಣು ಹೋಯಿತು, ಇನ್ನೊಂದರ ದೃಷ್ಟಿಯೂ ದುರ್ಬಲ. 1890ರಲ್ಲಿ ಜಪಾನಿಗೆ ಹೋಗಿ ಅಲ್ಲೇ ನೆಲೆಸಿ, ಕೊಯಿಜುಮಿ ಸೆತ್ಸು ಎಂಬಾಕೆಯನ್ನು ಮದುವೆಯಾದ. ಅವನಿಗೆ ಜಪಾನಿ ಅಷ್ಟಕ್ಕಷ್ಟೆ, ಅವಳಿಗೆ ಇಂಗ್ಲಿಷ್ ಬಾರದು. ಇಬ್ಬರೂ ಸೇರಿ ಮುರುಕು ಜಪಾನಿಯ ಮನೆಮಾತೊಂದನ್ನು ಮಾಡಿಕೊಂಡಿದ್ದರು. ರಾತ್ರಿ ದೀಪ ಸಣ್ಣದು ಮಾಡಿ ಅವಳು ಹಳೆಯ ದೆವ್ವದ ಕಥೆಗಳನ್ನು ಹೇಳುತ್ತಿದ್ದಳು. ಪುಸ್ತಕ ಕೈಯಲ್ಲಿ ಹಿಡಿಯಕೂಡದು, ನಿನ್ನ ಸ್ವಂತ ಮಾತಿನಲ್ಲೇ ಹೇಳಬೇಕು ಎಂದು ಅವನ ಹಟ. ರಕ್ತ ಕಂಡು ಒಬ್ಬಾಕೆ ಚೀರುವ ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿಸುತ್ತಿದ್ದ. ಯಾವ ದನಿಯಲ್ಲಿ ಚೀರಿದಳು, ಮರದ ಪಾದುಕೆಯ ಸದ್ದು ಹೇಗಿತ್ತು, ರಾತ್ರಿ ಎಂಥದ್ದಿತ್ತು ಎಂದು ವಿಚಾರಿಸುತ್ತಿದ್ದ. ಕೇಳುತ್ತಾ ಅವನ ಮುಖ ಬಿಳಿಚಿಕೊಳ್ಳುವುದನ್ನು ಕಂಡು ಹೇಳುವವಳಿಗೇ ಹೆದರಿಕೆಯಾಗುತ್ತಿತ್ತು.

ಆ ಕಥೆಗಳ ಸಂಗ್ರಹ 1904ರಲ್ಲಿ, ಅವನು ತೀರಿಕೊಂಡ ವರ್ಷವೇ, ಹೊರಬಂತು. ಅದರ ಮೊದಲ ಕಥೆಯ ನಾಯಕ ಹೋಯಿಚಿ ಎಂಬ ಕುರುಡ. ತಂತಿವಾದ್ಯ ನುಡಿಸುತ್ತಾ, 1185ರ ಕಡಲಯುದ್ಧದಲ್ಲಿ ಇಡೀ ವಂಶವೇ ಮುಳುಗಿಹೋದ ಹೈಕೆ ಮನೆತನದ ಕಥೆಯನ್ನು ಹಾಡಿ ಹೇಳುವವನು. ರಾತ್ರಿ ಒಬ್ಬ ಯೋಧ ಬಂದು ಅವನನ್ನು ದೊಡ್ಡವರ ಸಭೆಯೊಂದಕ್ಕೆ ಕರೆದೊಯ್ಯುತ್ತಾನೆ. ಅವನ ಹಾಡು ಕೇಳಿ ಸಭೆ ಬಿಕ್ಕಿ ಬಿಕ್ಕಿ ಅಳುತ್ತದೆ. ಕೇಳುತ್ತಿದ್ದವರು ಆ ಯುದ್ಧದಲ್ಲಿ ಸತ್ತವರೇ ಎಂದು ಆಮೇಲೆ ಗೊತ್ತಾಗುತ್ತದೆ. ಅವನನ್ನು ಉಳಿಸಲು ದೇವಾಲಯದ ಗುರುಗಳು ಮೈಮೇಲೆಲ್ಲ ಪವಿತ್ರ ಸೂತ್ರಗಳನ್ನು ಬರೆಸುತ್ತಾರೆ, ಕಿವಿಗಳನ್ನು ಮರೆಯುತ್ತಾರೆ. ಕರೆಯಲು ಬಂದ ದೆವ್ವ ಆ ಕಿವಿಗಳನ್ನೇ ಕಿತ್ತುಕೊಂಡು ಹೋಗುತ್ತದೆ.

ಈ ಕಥೆಯನ್ನು ಬರೆಯುತ್ತಿದ್ದ ದಿನಗಳ ಬಗ್ಗೆ ಸೆತ್ಸು ತನ್ನ ನೆನಪುಗಳಲ್ಲಿ ಹೇಳಿದ್ದಾಳೆ. ಸಂಜೆ ಕಪ್ಪಾದರೂ ಹರ್ನ್ ದೀಪ ಹಚ್ಚುತ್ತಿರಲಿಲ್ಲ. ಒಮ್ಮೆ ಪಕ್ಕದ ಕೋಣೆಯಿಂದ ಅವಳು ಸಣ್ಣ ದನಿಯಲ್ಲಿ ಹೋಯಿಚಿ, ಹೋಯಿಚಿ ಎಂದು ಕರೆದಳು. ತಾನು ಕುರುಡ, ಕರೆಯುತ್ತಿರುವವರು ಯಾರು ಎಂದು ಕತ್ತಲೊಳಗಿನಿಂದ ಅವನು ಕೇಳಿದ. ಆಮೇಲೆ ಸುಮ್ಮನಾದ.